ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕುವ ಬಗೆ

ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರು, ಮೊದಲ ಸಲ ಆಫೀಸ್ ಕೆಲಸಕ್ಕೆ ಹೋಗುವ ಹುಡುಗರು, ಮೊಮ್ಮಗನನ್ನು ನೋಡಲು ಟಿಕೆಟ್ ಮಾಡಿಸಿದ ತಾತಂದಿರು, ಎಲ್ಲರೂ ಕೇಳುವುದು ಒಂದನ್ನೇ. "ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಎಷ್ಟು ಗಂಟೆ ಪ್ರಯಾಣ?" ಒಬ್ಬರು 14 ಸಾವಿರ ಕಿಲೋಮೀಟರ್ ಅನ್ನುತ್ತಾರೆ, ಇನ್ನೊಬ್ಬರು 16 ಸಾವಿರ ಅನ್ನುತ್ತಾರೆ. ಒಬ್ಬರಿಗೆ 16 ಗಂಟೆ, ಇನ್ನೊಬ್ಬರಿಗೆ 28 ಗಂಟೆ. ಮತ್ತೊಬ್ಬರು ಟಿಕೆಟ್ ನೋಡಿ "ಬರೀ 4 ಗಂಟೆ ಅಂತಿದೆಯಲ್ಲ" ಎಂದು ಗಾಬರಿಯಾಗುತ್ತಾರೆ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಿದ್ದಾರೆ, ಅಷ್ಟೇ. ಭೂಮಿಯ ಮೇಲಿನ ದೂರ ಒಂದು, ವಿಮಾನದಲ್ಲಿ ಕೂರುವ ಹೊತ್ತು ಇನ್ನೊಂದು, ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ತಗಲುವ ಹೊತ್ತು ಮೂರನೆಯದು. ಈ ಮೂರನ್ನೂ ಬೇರೆ ಬೇರೆ ಇಟ್ಟುಕೊಂಡರೆ ಗೊಂದಲವೇ ಇರುವುದಿಲ್ಲ. ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋವನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಸಮುದ್ರದಾಚೆಯ ಯಾವ ಊರಿಗೆ ಬೇಕಾದರೂ ಇದೇ ಕ್ರಮ.

ಬೇಕಾಗುವ ಸಾಮಾನು: ಫೋನು, ಅದರ ಕ್ಯಾಲ್ಕುಲೇಟರ್, ಪೆನ್ನು, ಕಾಗದ. ಮಕ್ಕಳ ಗ್ಲೋಬ್ ಮತ್ತು ಒಂದೂಕಾಲು ಗಜ ದಾರ ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 1: ಏರ್‌ಪೋರ್ಟ್ ಕೋಡ್ ಸರಿಯಾಗಿದೆಯಾ ನೋಡಿ

ಪ್ರತಿ ವಿಮಾನ ನಿಲ್ದಾಣಕ್ಕೂ ಇಂಗ್ಲಿಷಿನ ಮೂರು ಅಕ್ಷರದ ಕೋಡ್ ಇರುತ್ತದೆ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದ್ದು ಬಿಎಲ್‌ಆರ್. ಸ್ಯಾನ್ ಫ್ರಾನ್ಸಿಸ್ಕೋದ್ದು ಎಸ್‌ಎಫ್‌ಒ. ಊರಿನ ಹೆಸರು ಹಾಕಿ ಹುಡುಕಬೇಡಿ, ಕೋಡ್ ಹಾಕಿ.

ಯಾಕೆ ಅಂದರೆ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ, ನಮ್ಮವರು ಹೆಚ್ಚಾಗಿ ಹೋಗುವ ಸ್ಯಾನ್ ಹೋಸೆಯ ಕೋಡ್ ಎಸ್‌ಜೆಸಿ. ಅದೇ ಹೆಸರಿನ ಇನ್ನೊಂದು ಊರು ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ರಾಜಧಾನಿ. ಅದರ ಕೋಡ್ ಎಸ್‌ಜೆಒ. ಒಂದು ಅಕ್ಷರ ತಪ್ಪಿದರೆ ಬೇರೆ ದೇಶ! ಇನ್ನು ಎಸ್‌ಎಎನ್ ಅಂದರೆ ಸ್ಯಾನ್ ಡಿಯಾಗೊ. ನ್ಯೂಯಾರ್ಕ್, ಲಂಡನ್, ಟೋಕಿಯೋಗಳಿಗೆ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿವೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹತ್ತುವ ಟಿಕೆಟ್ ಅಗ್ಗಕ್ಕೆ ಸಿಕ್ಕಿದೆ ಎಂದು ಸುಮ್ನೆ ಕೊಂಡುಬಿಡಬೇಡಿ.

ಹಂತ 2: ದೂರ ಅಳೆಯಿರಿ

ಗೋಡೆಯ ಮೇಲಿನ ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ತಪ್ಪು ಉತ್ತರ ಬರುತ್ತದೆ. ಭೂಮಿ ಗುಂಡಗಿದೆ, ಭೂಪಟ ಚಪ್ಪಟೆ. ಶಾಲೆಯ ಗೋಡೆಗಳಲ್ಲಿ ಕಾಣುವ ಮರ್ಕೇಟರ್ ಭೂಪಟದಲ್ಲಿ ಬೆಂಗಳೂರಿಂದ ಪೂರ್ವಕ್ಕೆ ಪೆಸಿಫಿಕ್ ದಾಟಿಸಿ ನೇರ ಗೆರೆ ಎಳೆದರೆ, ಆ ಗೆರೆಯ ನಿಜವಾದ ಉದ್ದ ಸುಮಾರು 16,100 ಕಿ.ಮೀ. ಆದರೆ ಅತಿ ಹತ್ತಿರದ ದಾರಿ 14,000 ಕಿ.ಮೀ. ಅಷ್ಟೇ.

ಈ ಹತ್ತಿರದ ದಾರಿಗೆ ಗ್ರೇಟ್ ಸರ್ಕಲ್, ಅಂದರೆ ಮಹಾವೃತ್ತ ಎಂದು ಹೆಸರು. ಗುಂಡಗಿನ ಮೈಮೇಲೆ ಎರಡು ಜಾಗಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಅದು ತಾನಾಗಿಯೇ ಕೂರುವ ಗೆರೆ ಇದು.

ಗ್ಲೋಬ್ ಇದ್ದರೆ ಈಗಲೇ ಮಾಡಿ ನೋಡಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಎಳೆಯಿರಿ. ದಾರ ಪೂರ್ವಕ್ಕೆ ಹೋಗುವುದಿಲ್ಲ, ಸೀದಾ ಉತ್ತರಕ್ಕೆ ಜಾರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರದವರೆಗೆ ಏರಿ, ಅಲಾಸ್ಕಾ ಮೇಲೆ ಇಳಿಯುತ್ತದೆ. ಪೆಸಿಫಿಕ್ ಸಿಗುವುದು ಕೊನೆಯ 2,900 ಕಿ.ಮೀ. ಮಾತ್ರ. "ಪೆಸಿಫಿಕ್ ದಾಟಲು ಎಷ್ಟು ಹೊತ್ತು" ಎಂದು ಕೇಳುವವರಿಗೆ ಇದನ್ನು ತೋರಿಸಿದರೆ ನಂಬುವುದೇ ಇಲ್ಲ.

ಈಗ ಅದೇ ದಾರವನ್ನು ಭೂಮಧ್ಯರೇಖೆಯ ಸುತ್ತ ಸುತ್ತಿ ಅಳೆಯಿರಿ. ಆ ಸುತ್ತು 40,075 ಕಿ.ಮೀ. ನಿಮ್ಮ ಗ್ಲೋಬಿನ ಸುತ್ತಳತೆ 96 ಸೆಂ.ಮೀ. ಇದ್ದರೆ ಒಂದು ಸೆಂ.ಮೀ.ಗೆ ಸುಮಾರು 417 ಕಿ.ಮೀ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ದಾರ ಮೂವತ್ಮೂರೂವರೆ ಸೆಂ.ಮೀ. ಆಸುಪಾಸು ಬರುತ್ತದೆ. ಗುಣಿಸಿ ನೋಡಿ.

ಗ್ಲೋಬ್ ಇಲ್ಲದವರು ಕ್ಯಾಲ್ಕುಲೇಟರ್ ತೆಗೆಯಿರಿ. ಫೋನನ್ನು ಅಡ್ಡ ಹಿಡಿದರೆ ಸೈನ್, ಕಾಸ್ ಗುಂಡಿಗಳು ಬರುತ್ತವೆ. ಮೊದಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ:

ಬೆಂಗಳೂರು: 13.2 ಉತ್ತರ, 77.7 ಪೂರ್ವ
ಸ್ಯಾನ್ ಫ್ರಾನ್ಸಿಸ್ಕೋ: 37.6 ಉತ್ತರ, 122.4 ಪಶ್ಚಿಮ

ಒಂದು ಪೂರ್ವ, ಒಂದು ಪಶ್ಚಿಮ ಆದ್ದರಿಂದ ರೇಖಾಂಶಗಳನ್ನು ಕೂಡಿಸಬೇಕು: 200.1. ಎರಡೂ ಒಂದೇ ಕಡೆ ಇದ್ದರೆ ಕಳೆಯಬೇಕು. ಇಲ್ಲೇ ಜಾಸ್ತಿ ಜನ ಎಡವುವುದು.

ಆಮೇಲೆ ಹೀಗೆ ಮಾಡಿ. ಸೈನ್ 13.2 × ಸೈನ್ 37.6 = 0.139. ಕಾಸ್ 13.2 × ಕಾಸ್ 37.6 × ಕಾಸ್ 200.1 = −0.724. ಎರಡನ್ನೂ ಕೂಡಿಸಿ: −0.585. ಇದರ ವಿಲೋಮ ಕಾಸ್ (ಕಾಸ್ ಮೇಲೆ ಸಣ್ಣದಾಗಿ −1 ಎಂದು ಬರೆದಿರುವ ಗುಂಡಿ) ಒತ್ತಿದರೆ 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ ಸುಮಾರು 13,990 ಕಿ.ಮೀ. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಅದುಮಿದಂತಿದೆ. ಹಾಗಾಗಿ ಹತ್ತಿಪ್ಪತ್ತು ಕಿ.ಮೀ. ಆಚೀಚೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. 14,000 ಎಂದು ಹಿಡಿಯಿರಿ.

ಎಚ್ಚರ: ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿ ಇರಬೇಕು. ರೇಡಿಯನ್‌ನಲ್ಲಿ ಇದ್ದರೆ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಇಷ್ಟೆಲ್ಲ ಯಾರು ಮಾಡುತ್ತಾರೆ ಅನ್ನುವವರಿಗೆ ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ತಾಣ ಇದೆ. ಎರಡು ಕೋಡ್ ನಡುವೆ ಅಡ್ಡಗೆರೆ ಹಾಕಿದರೆ ದೂರ, ನಕ್ಷೆ ಎರಡೂ ಬರುತ್ತವೆ. ಗೂಗಲ್ ಅರ್ತ್‌ನ ಅಳತೆ ಗೆರೆಯೂ ಸಾಕು. ಆದರೆ ಉತ್ತರ ಯಾವ ಮೈಲಿಯಲ್ಲಿದೆ ನೋಡಿ. ರಸ್ತೆಯ ಮೈಲಿ ಅಂದರೆ 1.609 ಕಿ.ಮೀ. ವಿಮಾನ, ಹಡಗುಗಳವರು ಬಳಸುವ ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಒಂದೇ ದಾರಿ ಒಂದರಲ್ಲಿ ಸುಮಾರು 8,700, ಇನ್ನೊಂದರಲ್ಲಿ 7,560. ಮನೆಯಲ್ಲಿ ಜಗಳ ಹತ್ತಲು ಇಷ್ಟು ಸಾಕು.

ಹಂತ 3: ವಿಮಾನ ಆ ದಾರಿಯಲ್ಲೇ ಹೋಗುತ್ತದಾ?

ಹೋಗುವುದಿಲ್ಲ. ದಾರ ತೋರಿಸಿದ್ದು ಅತಿ ಕಡಿಮೆ ದೂರ. ನಿಜವಾಗಿ ಹಾರುವ ದೂರ ಯಾವಾಗಲೂ ಅದಕ್ಕಿಂತ ಸ್ವಲ್ಪ ಹೆಚ್ಚು. ಕಾರಣ ಮುಖ್ಯವಾಗಿ ಮೂರು.

ಒಂದು, ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಕೆಟ್ಟರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಸಬೇಕು, ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್‌ನ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್, ಅಂದರೆ 14 ಸಾವಿರ ಅಡಿಗೂ ಮೇಲೆ ಇದೆ. ಇಳಿಯಲು ಜಾಗವೆಲ್ಲಿ? ಹಾಗಾಗಿ ಹೆಚ್ಚಿನ ವಿಮಾನಗಳು ಅದನ್ನು ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತವೆ.

ಎರಡು, ಮುಚ್ಚಿದ ಆಕಾಶ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ಮತ್ತು ಯುರೋಪಿನ ಬಹುತೇಕ ಕಂಪನಿಗಳಿಗೆ ರಷ್ಯಾದ ಮೇಲೆ ಹಾರುವಂತಿಲ್ಲ. ಏರ್ ಇಂಡಿಯಾಗೆ ಆ ಅಡ್ಡಿ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಅದರ ಬಿಸಿ ತಟ್ಟಿದ್ದು ಹೆಚ್ಚಾಗಿ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವುಗಳಿಗೆ. ಒಂದೇ ಎರಡು ಊರುಗಳ ನಡುವೆ ಬೇರೆ ಬೇರೆ ಕಂಪನಿಗಳಿಗೆ ಬೇರೆ ಬೇರೆ ದೂರ ಬೀಳುವುದು ಹೀಗೆ.

ಮೂರು, ಇಟಾಪ್ಸ್ ಎಂಬ ನಿಯಮ. ಎರಡು ಎಂಜಿನ್ ವಿಮಾನದ ಒಂದು ಎಂಜಿನ್ ಕೈಕೊಟ್ಟರೆ, ಇನ್ನೊಂದರಲ್ಲೇ ನಿಗದಿತ ನಿಮಿಷಗಳೊಳಗೆ ಯಾವುದಾದರೂ ನಿಲ್ದಾಣ ತಲುಪುವಂತೆ ದಾರಿ ಹಾಕಿರಬೇಕು. ಸಮುದ್ರದ ಮೇಲೆ, ಧ್ರುವದ ಹತ್ತಿರ ಇದು ಮುಖ್ಯ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆ ಕಂಡು ರಷ್ಯಾದ ಮಗದಾನ್‌ನಲ್ಲಿ ಇಳಿದದ್ದು ನೆನಪಿರಬಹುದು. ದಾರಿಯಲ್ಲಿ ಹತ್ತಿರಕ್ಕೊಂದು ಊರು ಇರಬೇಕು ಅನ್ನುವುದು ಇಂಥದ್ದಕ್ಕೇ.

ನಿಮ್ಮ ವಿಮಾನ ನಿನ್ನೆ, ಮೊನ್ನೆ ಯಾವ ದಾರಿ ಹಿಡಿದಿತ್ತು ಎಂದು ನೋಡಲು ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ಫ್ಲೈಟ್ ನಂಬರ್ ಹಾಕಿ. ಒಂದು ದಿನದ್ದು ನೋಡಿ ತೀರ್ಮಾನಿಸಬೇಡಿ. ದಾರಿ ದಿನದಿನಕ್ಕೂ ಬದಲಾಗುತ್ತದೆ, ಕಾರಣ ಮುಂದಿನ ಹಂತದಲ್ಲಿದೆ.

ಹಂತ 4: ಕಿಲೋಮೀಟರನ್ನು ಗಂಟೆ ಮಾಡಿ

ದೂರದ ವಿಮಾನಗಳು ಮೇಲೇರಿದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. 14,000 ಭಾಗಿಸು 900 ಅಂದರೆ ಹದಿನೈದೂವರೆ ಗಂಟೆ. ಏರುವಾಗ, ಇಳಿಯುವಾಗ ವೇಗ ಕಡಿಮೆ. ನೆಲದ ಮೇಲೆ ಉರುಳುವ ಹೊತ್ತೂ ಇದೆ. ಅದಕ್ಕೆಲ್ಲ ಸೇರಿಸಿ ಮುಕ್ಕಾಲು ಗಂಟೆ ಹಾಕಿ. ಬಳಸು ದಾರಿಗೆ ಇನ್ನಷ್ಟು. ಒಟ್ಟು 16ರಿಂದ 17 ಗಂಟೆ. ಗಾಳಿ ಇಲ್ಲದಿದ್ದರೆ ಲೆಕ್ಕ ಇಲ್ಲಿಗೆ ಮುಗಿಯುತ್ತಿತ್ತು.

ಆದರೆ ಗಾಳಿ ಇದೆ. ವಿಮಾನ ಹಾರುವ 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿಯ ಪಟ್ಟಿಗಳಿವೆ. ಇದಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಗಂಟೆಗೆ 150–200 ಕಿ.ಮೀ. ಮಾಮೂಲು, ಚಳಿಗಾಲದಲ್ಲಿ ಕೆಲವೊಮ್ಮೆ 300 ದಾಟುತ್ತದೆ. ಜಪಾನಿನ ಮೇಲೆ, ಉತ್ತರ ಪೆಸಿಫಿಕ್ ಮೇಲೆ, ಅಟ್ಲಾಂಟಿಕ್ ಮೇಲೆ ಇದು ಬಲವಾಗಿರುತ್ತದೆ.

ಇದರಿಂದ ಏನಾಗುತ್ತದೆ ಅಂದರೆ, ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ. ಟೋಕಿಯೋದ ನರೀತಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 8,220 ಕಿ.ಮೀ. ಬೆನ್ನ ಹಿಂದೆ ಗಂಟೆಗೆ 100 ಕಿ.ಮೀ. ಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ವೇಗ 1,000. ಎದುರಿಗಿದ್ದರೆ 800. ಹೋಗುವಾಗ ಒಂಬತ್ತು ಗಂಟೆ ಚಿಲ್ಲರೆ, ಬರುವಾಗ ಹನ್ನೊಂದರ ಹತ್ತಿರ. ದೂರ ಒಂದೇ, ಎರಡು ಗಂಟೆ ವ್ಯತ್ಯಾಸ.

ಅಟ್ಲಾಂಟಿಕ್ ಮೇಲೆ 2020ರ ಫೆಬ್ರವರಿಯಲ್ಲಿ ಸಿಯಾರಾ ಚಂಡಮಾರುತ ಬೀಸಿದಾಗ, ನ್ಯೂಯಾರ್ಕಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ 4 ಗಂಟೆ 56 ನಿಮಿಷಕ್ಕೆ ಲಂಡನ್ ಮುಟ್ಟಿತು. ಸುಮಾರು 5,540 ಕಿ.ಮೀ. ದಾರಿ ಅದು. ಅದೇ ದಾರಿಯಲ್ಲಿ ಲಂಡನ್ನಿಂದ ನ್ಯೂಯಾರ್ಕಿಗೆ ಮಾಮೂಲಿ ದಿನ ಎಂಟು ಗಂಟೆಯ ಹತ್ತಿರ ಬೇಕು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ಪೆಸಿಫಿಕ್ ಕಡೆಗೆ ತಿರುಗಿಸಿತು. ಅಟ್ಲಾಂಟಿಕ್ ದಾರಿ 13,900 ಕಿ.ಮೀ. ಪೆಸಿಫಿಕ್ ದಾರಿ 15,300 ಕಿ.ಮೀ. ಆದರೂ ಪೆಸಿಫಿಕ್ ಮೇಲೆ ಹಾರಿದ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಮೊದಲಿಗಿಂತ ಬೇಗ. 1,400 ಕಿ.ಮೀ. ಜಾಸ್ತಿ ಹಾರಿ ಕಡಿಮೆ ಹೊತ್ತು ತೆಗೆದುಕೊಂಡಿತು. ಹಾಗಾಗಿ ನನ್ನನ್ನು ಕೇಳಿದರೆ ಕಿಲೋಮೀಟರ್ ನೋಡಿ ಟಿಕೆಟ್ ಆರಿಸುವುದು ದಂಡ. ಗಂಟೆ ನೋಡಿ.

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾದ ನೇರ ವಿಮಾನ ಶುರುವಾದದ್ದು 2021ರ ಜನವರಿಯಲ್ಲಿ. ಅಲ್ಲಿಂದ ಇಲ್ಲಿಗೆ ಮೊದಲು ಬಂದದ್ದನ್ನು ನಡೆಸಿದ್ದು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳೇ. ಉತ್ತರ ಧ್ರುವದ ದಾರಿ ಹಿಡಿದು ಬಂದರು. ಇಂಥ ದೂರದ ನೇರ ವಿಮಾನಗಳು ಕಂಪನಿಯ ಲೆಕ್ಕಾಚಾರದ ಮೇಲೆ ಶುರುವಾಗುತ್ತವೆ, ನಿಲ್ಲುತ್ತವೆ. ನಿಮ್ಮ ತಾರೀಖಿಗೆ ಇದೆಯಾ ಎಂದು ಆಗಲೇ ನೋಡಬೇಕು.

ತಪ್ಪದೆ ಬರುವ ಇನ್ನೊಂದು ಪ್ರಶ್ನೆ: "ಭೂಮಿ ಪೂರ್ವಕ್ಕೆ ತಿರುಗುತ್ತೆ ಅಲ್ವಾ, ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಅಮೆರಿಕ ತಾನೇ ಎದುರು ಬರಬೇಕಲ್ಲ?" ಇಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಆ ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ಓಡುವ ರೈಲಿನ ಬೋಗಿಯೊಳಗೆ ಹಾರುವ ನೊಣ ಹಿಂದಿನ ಗೋಡೆಗೆ ಬಡಿಯುತ್ತದಾ?

ಹಂತ 5: ಗಡಿಯಾರ ಬಿಡಿಸಿ

ಟಿಕೆಟ್ ನೋಡಿ 4 ಗಂಟೆ ಪ್ರಯಾಣ ಅಂದುಕೊಂಡವರ ತೊಂದರೆ ಇಲ್ಲಿದೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ಸೀದಾ ಕಳೆಯುವಂತಿಲ್ಲ. ಎರಡನ್ನೂ ಬೆಂಗಳೂರಿನ ಗಂಟೆಗೆ ತಂದುಕೊಂಡು ಆಮೇಲೆ ಕಳೆಯಿರಿ.

ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಇಡುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ.

ಹೋಗುವಾಗ ಒಂದು ಉದಾಹರಣೆ ನೋಡಿ. ಬೇಸಿಗೆಯಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟಿರಿ. ಸೋಮವಾರ ಸಂಜೆ 6ಕ್ಕೆ ಅಲ್ಲಿ ಇಳಿದಿರಿ. ಆ ಸಂಜೆ 6ಕ್ಕೆ ಹನ್ನೆರಡೂವರೆ ಗಂಟೆ ಸೇರಿಸಿದರೆ ಬೆಂಗಳೂರಿನಲ್ಲಿ ಮಂಗಳವಾರ ಬೆಳಗ್ಗೆ 6:30. ಮಧ್ಯಾಹ್ನ 2ರಿಂದ ಮಾರನೇ ಬೆಳಗ್ಗೆ 6:30ರವರೆಗೆ ಹದಿನಾರೂವರೆ ಗಂಟೆ. ಅದೇ ನಿಜವಾದ ಪ್ರಯಾಣ.

ಬರುವಾಗ ಇದರ ಉಲ್ಟಾ. ಸೋಮವಾರ ರಾತ್ರಿ 9ಕ್ಕೆ ಅಲ್ಲಿ ಹತ್ತಿದರೆ ಇಲ್ಲಿ ಆಗಲೇ ಮಂಗಳವಾರ ಬೆಳಗ್ಗೆ 9:30. ಹದಿನೇಳೂವರೆ ಗಂಟೆ ಹಾರಿದರೆ ಬುಧವಾರ ನಸುಕಿನ 3. ಟಿಕೆಟ್ಟಿನಲ್ಲಿ ತಲುಪುವ ಹೊತ್ತಿನ ಪಕ್ಕ ಸಣ್ಣದಾಗಿ +2 ಎಂದು ಇರುತ್ತದೆ. ಅಂದರೆ ಎರಡು ದಿನ ಆಚೆಯ ತಾರೀಖು. ಮಂಗಳವಾರ ಏನಾಯ್ತು ಎಂದು ಕೇಳಬೇಡಿ, ಆಕಾಶದಲ್ಲಿ ಕಳೆಯಿತು.

ಟೋಕಿಯೋ ಮೇಲೆ ಹೋದರೆ ಇನ್ನೂ ತಮಾಷೆ. ಸಂಜೆ 5ಕ್ಕೆ ಟೋಕಿಯೋ ಬಿಟ್ಟವರು ಅದೇ ದಿನ ಬೆಳಗ್ಗೆ 10:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯಬಹುದು. ಹೊರಡುವ ಮೊದಲೇ ತಲುಪಿದ ಹಾಗೆ. ಪೆಸಿಫಿಕ್ ನಡುವೆ, 180 ಡಿಗ್ರಿ ರೇಖಾಂಶದ ಹತ್ತಿರ, ದಿನ ಬದಲಾಗುವ ಗೆರೆ ಇದೆ. ಪೂರ್ವಕ್ಕೆ ದಾಟಿದರೆ ತಾರೀಖು ಒಂದು ಹಿಂದಕ್ಕೆ.

ಈ ಹಂತದ ತಪ್ಪುಗಳೇ ದುಬಾರಿ, ಸ್ವಲ್ಪ ನಿಧಾನವಾಗಿ ಓದಿ.

ಮಧ್ಯರಾತ್ರಿಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಬೆಂಗಳೂರಿನಿಂದ ವಿದೇಶಕ್ಕೆ ಹೋಗುವ ಬಹಳಷ್ಟು ವಿಮಾನಗಳು ನಡುರಾತ್ರಿಯ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ "12ನೇ ತಾರೀಖು, 1:15" ಎಂದು ಇದ್ದರೆ ನೀವು ಮನೆ ಬಿಡಬೇಕಾದದ್ದು 11ರ ರಾತ್ರಿ ಊಟ ಮುಗಿಸಿ. 12ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಹಿರಿಯರಿಗೆ ಇದನ್ನು ಬಿಡಿಸಿ ಹೇಳಿ. ಪಂಚಾಂಗದ ಲೆಕ್ಕದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಅವರ ಪಾಲಿಗೆ ರಾತ್ರಿ 1:15 ಅಂದರೆ ಇನ್ನೂ ಹಿಂದಿನ ದಿನವೇ. ಗೋಡೆಯ ಕ್ಯಾಲೆಂಡರ್‌ನಲ್ಲಿ 11ರ ಚೌಕದಲ್ಲೇ "ರಾತ್ರಿ 8ಕ್ಕೆ ಹೊರಡುವುದು" ಎಂದು ಬರೆದುಬಿಡಿ.

ಇನ್ನೊಂದು, ಗಡಿಯಾರ ಬದಲಿಸುವ ವಾರಗಳು. ಯುರೋಪಿನಲ್ಲಿ ಬದಲಿಸುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದ ತಾರೀಖು ಬೇರೆ. ಈ ನಡುವಿನ ದಿನಗಳಲ್ಲಿ ನಿಮ್ಮ ತಲೆಯಲ್ಲಿರುವ ವ್ಯತ್ಯಾಸ ನಂಬಬೇಡಿ, ಫೋನಿನ ವರ್ಲ್ಡ್ ಕ್ಲಾಕ್ ನೋಡಿ. ಅಮೆರಿಕದಲ್ಲೇ ಅರಿಜೋನಾದ ಬಹುಭಾಗದಲ್ಲಿ ಗಡಿಯಾರ ಬದಲಿಸುವುದಿಲ್ಲ. ಫೀನಿಕ್ಸ್ ಕಡೆ ಮಕ್ಕಳಿರುವವರಿಗೆ ಇದು ಗೊತ್ತಿರುತ್ತದೆ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಅಲ್ಲಿನ ಗಡಿಯಾರ ನೋಡಿ ಸುಮ್ನೆ ನುಂಗಬೇಡಿ. ಎಷ್ಟು ಗಂಟೆಗೊಮ್ಮೆ ಎಂಬುದು ಮುಖ್ಯ. ಟಿಕೆಟ್ ಹಿಡಿದುಕೊಂಡು ಹೋಗಿ ಡಾಕ್ಟರ ಹತ್ತಿರ ಪಟ್ಟಿ ಬರೆಸಿಕೊಳ್ಳಿ. ಇನ್ಸುಲಿನ್ ಇದ್ದರಂತೂ ಬಿಡಲೇಬೇಡಿ.

ಹಂತ 6: ನಡುವೆ ಇಳಿಯುವುದಿದ್ದರೆ

ಮೊದಲು ಎರಡು ಪದ. ನಾನ್‌ಸ್ಟಾಪ್ ಅಂದರೆ ಎಲ್ಲೂ ಇಳಿಯದ ವಿಮಾನ. ಡೈರೆಕ್ಟ್ ಅಂದರೆ ಫ್ಲೈಟ್ ನಂಬರ್ ಒಂದೇ, ಆದರೆ ನಡುವೆ ಎಲ್ಲಾದರೂ ಇಳಿದು ಹತ್ತಬಹುದು. ನಮ್ಮಲ್ಲಿ ಎರಡಕ್ಕೂ "ನೇರ" ಎಂದೇ ಹೇಳುತ್ತೇವೆ. ಟ್ರಾವೆಲ್ಸ್‌ನವರು ಡೈರೆಕ್ಟ್ ಅಂದರೆ, "ಎಲ್ಲೂ ಇಳಿಯಲ್ವಾ?" ಎಂದು ಬಾಯಿಬಿಟ್ಟು ಕೇಳಿ.

ಎಲ್ಲಿ ಇಳಿದರೆ ಎಷ್ಟು ದೂರ? ದಾರದ ಲೆಕ್ಕದಲ್ಲಿ, ನೂರರ ಮಟ್ಟಿಗೆ ಹೇಳುವುದಾದರೆ:

ಟೋಕಿಯೋ ನರೀತಾ ಮೇಲೆ: 14,900 ಕಿ.ಮೀ.
ದುಬೈ ಮೇಲೆ: 15,700
ಫ್ರಾಂಕ್‌ಫರ್ಟ್ ಮೇಲೆ: 16,600
ಸಿಂಗಪುರದ ಮೇಲೆ: 16,800

ಟೋಕಿಯೋ ತುಂಬ ಸುತ್ತು ಎಂದು ಕಾಣುತ್ತದೆ, ನಿಜಕ್ಕೂ ನೇರ ದಾರಿಗಿಂತ ಸುಮಾರು 900 ಕಿ.ಮೀ. ಮಾತ್ರ ಹೆಚ್ಚು. ಮೇಲಿಂದ ಪೆಸಿಫಿಕ್ ಗಾಳಿ ಬೆನ್ನಿಗೆ. ದುಬೈನಿಂದ ಹೋಗುವ ದಾರವಂತೂ ಉತ್ತರ ಧ್ರುವಕ್ಕೆ ತಾಗಿದಂತೆಯೇ ಹಾದುಹೋಗುತ್ತದೆ, ಯಾಕೆಂದರೆ ಎರಡೂ ಊರು ಭೂಮಿಯ ಎದುರು ಬದುರು ರೇಖಾಂಶಗಳಲ್ಲಿವೆ.

ಒಟ್ಟು ಹೊತ್ತು = ಮೊದಲ ವಿಮಾನ + ಕಾಯುವ ಹೊತ್ತು + ಎರಡನೇ ವಿಮಾನ. ಫ್ರಾಂಕ್‌ಫರ್ಟ್ ಮೇಲಾದರೆ ಹತ್ತು, ಮೂರು, ಹನ್ನೊಂದು ಎಂದು ಹಿಡಿದರೂ 24 ಗಂಟೆ. ಕಾಯುವ ಹೊತ್ತನ್ನು ಲೇಓವರ್ ಎನ್ನುತ್ತಾರೆ. ಅದು ಒಂದೂವರೆ ಗಂಟೆಗಿಂತ ಕಡಿಮೆ ಇರುವ ಟಿಕೆಟ್ಟನ್ನು ವಯಸ್ಸಾದವರಿಗೆ ಮಾಡಿಸಬೇಡಿ. ವೀಲ್‌ಚೇರ್ ಬೇಕು ಎಂದು ಮೊದಲೇ ಹೇಳಿದ್ದರೂ ಅದು ಬಂದು ಮುಂದಿನ ಗೇಟ್ ಮುಟ್ಟಲು ಹೊತ್ತು ಹಿಡಿಯುತ್ತದೆ. ಒಂದು ಗಂಟೆ ಉಳಿಸಲು ಹೋಗಿ ಒಂದು ದಿನ ಕಳೆದುಕೊಳ್ಳುವುದು ಯಾರಿಗೆ ಬೇಕು?

ಅಮೆರಿಕದೊಳಗೇ ಇನ್ನೊಂದು ವಿಮಾನ ಹತ್ತುವುದಿದ್ದರೆ ನೆನಪಿಡಿ: ಆ ದೇಶದಲ್ಲಿ ಮೊದಲು ಇಳಿಯುವ ಊರಲ್ಲೇ ಇಮಿಗ್ರೇಷನ್, ಅಂದರೆ ಪಾಸ್‌ಪೋರ್ಟ್, ವೀಸಾ ತಪಾಸಣೆ. ಸಾಮಾನ್ಯವಾಗಿ ಅಲ್ಲೇ ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬ್ಯಾಗ್ ಹಾಕಬೇಕು. ಇದಕ್ಕೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಅಬುಧಾಬಿಯಂಥ ಕೆಲವು ನಿಲ್ದಾಣಗಳು ಬೇರೆ. ಅಮೆರಿಕದ ಇಮಿಗ್ರೇಷನ್ ಅಬುಧಾಬಿಯಲ್ಲೇ ಮುಗಿಸಿ ವಿಮಾನ ಹತ್ತಿಸುವ ವ್ಯವಸ್ಥೆ 2014ರಿಂದ ಇದೆ.

ಎರಡು ವಿಮಾನಕ್ಕೆ ಎರಡು ಬೇರೆ ಟಿಕೆಟ್ ಕೊಂಡರೆ ಮೊದಲನೆಯದು ತಡವಾದಾಗ ಎರಡನೆಯವರಿಗೆ ಹೊಣೆ ಇರುವುದಿಲ್ಲ. ಒಂದೇ ಬುಕಿಂಗ್ ನಂಬರಿನಲ್ಲಿ ಎರಡೂ ಇರಲಿ. ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕಾ ಎಂಬುದನ್ನು ವಿಮಾನ ಕಂಪನಿಯ ಹತ್ತಿರವೇ ಖಚಿತ ಮಾಡಿಕೊಳ್ಳಿ. ಈ ನಿಯಮಗಳು ಬದಲಾಗುತ್ತಿರುತ್ತವೆ, ಪಕ್ಕದ ಮನೆಯವರ ಮಾತು ನಂಬಿಕೊಂಡು ಹೋಗುವ ವಿಷಯ ಅಲ್ಲ.

ಹಂತ 7: ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ

ಈಗ ಮೂರನೇ ಲೆಕ್ಕ. ಮನೆಯವರಿಗೆ ಹೇಳಬೇಕಾದದ್ದು ಇದನ್ನೇ.

ಮೆಜೆಸ್ಟಿಕ್‌ನಿಂದ ದೇವನಹಳ್ಳಿ ಬಳಿಯ ನಿಲ್ದಾಣಕ್ಕೆ ಸುಮಾರು 35 ಕಿ.ಮೀ. ಜಯನಗರ, ಬನಶಂಕರಿ ಕಡೆಯವರಿಗೆ ಇನ್ನೂ ಜಾಸ್ತಿ. ರಾತ್ರಿ ಒಂದು ಗಂಟೆಗೆ ಇದು ಸಲೀಸು. ಸಂಜೆ 6ಕ್ಕೆ, ಮಳೆ ಬೇರೆ ಹುಯ್ಯುತ್ತಿದ್ದರೆ ಹೆಬ್ಬಾಳದಲ್ಲೇ ಮುಕ್ಕಾಲು ಗಂಟೆ ಹೋಗಬಹುದು. ಹಾಗಾಗಿ ಸಂಜೆ ಹೊರಡುವವರು ಎರಡೂವರೆ ಗಂಟೆ ಇಟ್ಟುಕೊಳ್ಳಿ. ಬಿಎಂಟಿಸಿಯ ವಾಯುವಜ್ರ ಬಸ್ಸಿಗೂ ಅದೇ ರಸ್ತೆ, ಅದೇ ಟ್ರಾಫಿಕ್. ವಿದೇಶಿ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ಗೆ ಹೋಗಿವೆ. ಕ್ಯಾಬ್‌ನವರಿಗೆ ಟಿ2 ಎಂದು ಹೇಳಿ.

ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಟಿಕೆಟ್ಟಿನಲ್ಲಿರುವ ಹೊರಡುವ ಹೊತ್ತು ಅಂದರೆ ವಿಮಾನ ಗೇಟ್ ಬಿಡುವ ಹೊತ್ತು, ನೀವು ಹತ್ತುವ ಹೊತ್ತಲ್ಲ. ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗಿನ ಅವಧಿಗೆ ಬ್ಲಾಕ್ ಟೈಮ್ ಎನ್ನುತ್ತಾರೆ. ಟಿಕೆಟ್ಟಿನಲ್ಲಿ ಕಾಣುವ ಗಂಟೆಗಳು ಅವೇ.

ಎಲ್ಲಿಯೂ ಇಳಿಯದ ವಿಮಾನ ಸಿಕ್ಕರೆ ಹೀಗೆ ಬರೆದುಕೊಳ್ಳಿ: ರಸ್ತೆ 2 ಗಂಟೆ, ನಿಲ್ದಾಣದಲ್ಲಿ 3, ವಿಮಾನ ಹದಿನಾರೂವರೆ, ಅಲ್ಲಿ ಇಮಿಗ್ರೇಷನ್, ಬ್ಯಾಗ್ ಸೇರಿ ಒಂದೂವರೆ, ಅಲ್ಲಿಂದ ಮನೆಗೆ 1. ಒಟ್ಟು 24 ಗಂಟೆ. ಒಂದು ಕಡೆ ಇಳಿದು ಹೋಗುವುದಾದರೆ 30ರ ಆಸುಪಾಸು.

ಕೊನೆಗೆ, ಹೊರಡುವ ದಿನ ಫ್ಲೈಟ್ ನಂಬರ್, ತಲುಪುವ ತಾರೀಖು, ಅಲ್ಲಿನ ಗಂಟೆ, ಬೆಂಗಳೂರಿನ ಗಂಟೆ, ಈ ನಾಲ್ಕನ್ನೂ ಒಂದೇ ಮೆಸೇಜಿನಲ್ಲಿ ಬರೆದು ಮನೆಯ ವಾಟ್ಸಾಪ್ ಗುಂಪಿಗೂ, ಕರೆದೊಯ್ಯಲು ಬರುವವರಿಗೂ ಕಳಿಸಿ. ಅವರು ಟಿಕೆಟ್ಟಿನ ಹೊತ್ತಿಗೆ ಮನೆ ಬಿಡುವುದು ಬೇಡ, ಫ್ಲೈಟ್‌ರಾಡಾರ್24ನಲ್ಲಿ ನೋಡಿಕೊಂಡು ಹೊರಡಲಿ. ಬೆನ್ನಿಗೆ ಗಾಳಿ ಸಿಕ್ಕ ದಿನ ಅರ್ಧ ಗಂಟೆ ಮೊದಲೇ ಇಳಿಯಬಹುದು. ಇಳಿದ ಮೇಲೂ ಹೊರಗೆ ಬರಲು ಒಂದು ಗಂಟೆ ಬೇಕೇ ಬೇಕು.